ಸ್ಕ್ಯಾನಿನ ದಿನದ ಉಡದಾರ

ಕಳೆದ ವಾರ ಕುತ್ತಿಗೆ ನೋವಿಗೆಂದು ಎಂಆರ್‌ಐ ಮಾಡಿಸಲು ಹೋಗಿದ್ದೆ. ಹೆಸರು ಕೂಗಿದ ಹುಡುಗಿ ನೀಲಿ ಪ್ಲಾಸ್ಟಿಕ್ ತಟ್ಟೆಯೊಂದನ್ನು ಮುಂದೆ ಹಿಡಿದು, ಮೈಮೇಲಿನ ಲೋಹವನ್ನೆಲ್ಲ ಇದರಲ್ಲಿ ಹಾಕಿ ಎಂದಳು. ಮುನಿಸಿಪಾಲಿಟಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಹೆಂಗಸಿನ ಮೈಮೇಲೆ ಎಷ್ಟು ಸೇಫ್ಟಿ ಪಿನ್ನುಗಳಿರುತ್ತವೆ ಎಂಬುದು ನಿಮಗೆ ಗೊತ್ತಿರಲಾರದು. ನನಗೂ ಅವತ್ತೇ ಗೊತ್ತಾದದ್ದು. ಸೆರಗಿನದು, ನೆರಿಗೆಯದು, ಯಾವಾಗಲಾದರೂ ಬೇಕಾದೀತು ಎಂದು ಬಳೆಗೆ ಸಿಕ್ಕಿಸಿಕೊಂಡವು, ಎಲ್ಲವನ್ನೂ ಒಂದೊಂದಾಗಿ ಹಾಕುತ್ತಾ ಹೋದೆ. ಹುಡುಗಿ ಪಾಪ, ತಾಳ್ಮೆಯಿಂದ ನಿಂತಿದ್ದಳು. ಕೊನೆಯ ಪಿನ್ನು ತಟ್ಟೆಗೆ ಬಿದ್ದು ಟಿಣ್ ಎಂದಾಗ ನನ್ನ ಯಜಮಾನರ ಉಡದಾರ ನೆನಪಾಯಿತು.

ಉಡದಾರವೆಂದರೆ ಗಂಡಸರು ಸೊಂಟಕ್ಕೆ ಕಟ್ಟಿಕೊಳ್ಳುವ ದಾರ. ನಮ್ಮ ಉಡುಪಿ ಕಡೆಯೂ ಉಂಟು, ಆದರೆ ನಾವು ಅದನ್ನು ಅಷ್ಟೊಂದು ತಲೆಗೆ ಹಚ್ಚಿಕೊಂಡವರಲ್ಲ. ಇವರು ಬಾಗಲಕೋಟೆ ಕಡೆಯವರು. ಅವರ ಮನೆತನದಲ್ಲಿ ಗಂಡಸಿನ ನಡ ಒಂದು ಗಳಿಗೆಯೂ ಬರಿದಾಗಿರಬಾರದು. ಜೀವ ಹೋದ ಮೇಲೆ ಮಾತ್ರ ಉಡದಾರ ಹರಿಯುತ್ತಾರೆ. ಇವರದು ಬೆಳ್ಳಿಯದು, ಅವರ ತಾಯಿ ಮಾಡಿಸಿಕೊಟ್ಟದ್ದು. ಸ್ನಾನಕ್ಕೂ ತೆಗೆದವರಲ್ಲ.

ಉಡುಪಿಯವಳಿಗೂ ಬಾಗಲಕೋಟೆಯವರಿಗೂ ಎಲ್ಲಿಂದೆಲ್ಲಿಯ ಗಂಟು ಎಂದು ನೀವು ಕೇಳಬಹುದು. ಮಾಟುಂಗದಲ್ಲಿ ಒಂದು ಕನ್ನಡ ಸಂಘದ ನಾಟಕ. ನಾನು ನಾಯಕಿ, ಇವರು ಪರದೆ ಎಳೆಯುವವರು. ಎರಡನೇ ಅಂಕದಲ್ಲಿ ನಾನು ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟೆ. ಇವರು ಸರಕ್ಕನೆ ಪರದೆ ಇಳಿಸಿ, ಹೊರಗೆ ಬಂದು ಜನರಿಗೆ ಕೈಮುಗಿದು, "ಲೈಟಿಂದು ಸ್ವಲ್ಪ ತೊಂದ್ರಿ ಆಗೇತ್ರಿ, ಕೂಡ್ರಿ" ಎಂದರು. ಸಭಾಗೃಹದ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು. ನನಗಾಗಿ ಅಂಥ ಸುಳ್ಳು ಹೇಳಿದ ಮನುಷ್ಯನನ್ನು ಮದುವೆಯಾಗದೆ ಇರಲು ನನ್ನಿಂದಾಗಲಿಲ್ಲ.

ಕಾಂದಿವಲಿಯ ಕಬ್ಬಿಣದ ಸಾಮಾನಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಇವರಿಗೆ ನಿವೃತ್ತರಾದ ಮೇಲೆ ಮೂತ್ರದ ತೊಂದರೆ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಯಾವುದೋ ಅಂಕಿ ಏರಿತ್ತು. ಡಾಕ್ಟರರು ಪ್ರಾಸ್ಟೇಟ್ ಎಂದರು. ಅಷ್ಟು ವರ್ಷ ಕನ್ನಡ ಕಲಿಸಿದ ನನಗೆ ಅದಕ್ಕೊಂದು ಮನೆಮಾತಿನ ಶಬ್ದ ಸಿಗಲಿಲ್ಲ. ನಿಘಂಟು ತೆಗೆದು ಸಂಸ್ಕೃತದ 'ಅಷ್ಠೀಲಾ' ಎಂಬುದನ್ನು ಓದಿ ಹೇಳಿದರೆ ಇವರು, "ಯಾರಕಿ? ನಿನ್ನ ಶಾಳಿ ಟೀಚರ್ ಏನು?" ಎಂದರು. ಕೊನೆಯವರೆಗೂ ನಮ್ಮಿಬ್ಬರ ನಡುವೆ ಅದರ ಹೆಸರು ಬರೀ 'ಅದು' ಎಂದೇ ಉಳಿಯಿತು.

ಹಿಂದೆಲ್ಲ ಅಂದಾಜಿನ ಮೇಲೆ ಸೂಜಿ ಚುಚ್ಚಿ ತುಣುಕು ತೆಗೆಯುತ್ತಿದ್ದರಂತೆ. ಈಗ ಮೊದಲು ಎಂಆರ್‌ಐ ಮಾಡಿ ಒಳಗಿನ ಚಿತ್ರ ನೋಡುತ್ತಾರೆ, ಅನುಮಾನದ ಜಾಗ ಕಂಡರೆ ಅಲ್ಲಿಗೇ ಗುರಿಯಿಟ್ಟು ಸೂಜಿ ಹಾಕುತ್ತಾರೆ, ಚಿತ್ರ ಶುದ್ಧವಾಗಿದ್ದರೆ ಎಷ್ಟೋ ಸಲ ಸೂಜಿಯೇ ಬೇಡವಾಗುತ್ತದೆ ಎಂದು ಡಾಕ್ಟರರು ಬಿಡಿಸಿ ಹೇಳಿದರು. ಹಾಗೆ ನಾವು ಬೈಕುಲ್ಲಾದ ಆ ಸ್ಕ್ಯಾನ್ ಸೆಂಟರಿಗೆ ಹೋದೆವು. ಅಲ್ಲಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲೇ ರಾಮಾಯಣ ಶುರುವಾಯಿತು.

"ಕಾಕಾ, ಚಾಂದೀ ಭೀ ನಿಕಾಲನಾ ಪಡೇಗಾ" ಎಂದಳು ಅಲ್ಲಿಯ ಹುಡುಗಿ, ಬೆಳ್ಳಿಯದನ್ನೂ ತೆಗೆಯಬೇಕು ಎಂದು.

ಬೆಳ್ಳಿ ಅಯಸ್ಕಾಂತಕ್ಕೆ ಹತ್ತುವುದಿಲ್ಲ ಎಂದು ಇವರು ವಾದಕ್ಕೆ ನಿಂತರು. ಹತ್ತುವುದಿಲ್ಲ ನಿಜ, ಆದರೆ ಬಿಸಿಯಾಗಿ ಮೈ ಸುಡಬಹುದು, ಸೊಂಟದ ಹತ್ತಿರದ ಚಿತ್ರವೂ ಕೆಡುತ್ತದೆ, ನಮಗೆ ಬೇಕಾದದ್ದೇ ಆ ಚಿತ್ರ ಎಂದಳು ಅವಳು. ಇವರು ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ನಡೆದರು. ನಾನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದೆ.

"ಎಂಥದು ಮಾರಾಯ್ರೆ ನಿಮ್ಮದು? ಒಂದು ದಾರಕ್ಕೋಸ್ಕರ ಜೀವ ಬಿಡ್ತೀರಾ?"

"ನಡಾ ಬರೇ ಮಾಡ್ಕೊಂಡು ಆ ಗವಿಯಾಗ ಮಲಗಂದ್ರ, ನಾ ಏನ್ ಹೆಣಾ ಅದೀನೇನು?"

ಅವರ ಮುಖ ನೋಡಿದೆ. ಹಟವಲ್ಲ, ಹೆದರಿಕೆ. ಅವರಿಗೆ ಹೆದರಿಕೆಯಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಇವರು ಹಾಗೇ ಲೋಕಲ್ ಹತ್ತಿ ಮನೆಗೆ ಹೋಗಿಬಿಟ್ಟರೆ ಇನ್ನೊಮ್ಮೆ ಬರುವವರಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲೇ ನಿಲ್ಲಿ ಎಂದು ಗದರಿಸಿ ಬೀದಿಗಿಳಿದೆ. ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಮಾರುವ ಮುದುಕಿಯೊಬ್ಬಳ ಬಳಿ ಕರಿದಾರ ಕಂಡಿತು. ಎಷ್ಟುದ್ದ ಬೇಕು ಎಂದಳು. ಗಂಡನ ಸೊಂಟದ ಅಳತೆ ಯಾವ ಹೆಂಡತಿಗೆ ಗೊತ್ತಿರುತ್ತದೆ ಹೇಳಿ? ಎರಡೂ ತೋಳು ಚಾಚಿ ತೋರಿಸಿದೆ. ಮುದುಕಿ ನನ್ನನ್ನೊಮ್ಮೆ ನೋಡಿ, ಅಂಥ ಗಂಡಸು ಬಾಗಿಲಲ್ಲಿ ಹಿಡಿಸುತ್ತಾನಾ ಎಂದು ನಕ್ಕಳು.

ಆ ಪುಟ್ಟ ಕೋಣೆಯಲ್ಲಿ ನಾನೇ ಕಟ್ಟಿದೆ. ಮೊದಲು ಕರಿದಾರ ಕಟ್ಟುವುದು, ಆಮೇಲೆ ಬೆಳ್ಳಿಯದು ಬಿಚ್ಚುವುದು, ನಡ ಒಂದು ಕ್ಷಣವೂ ಬರಿದಾಗಬಾರದು. ದಾರ ಎರಡು ಸುತ್ತು ಬಂದಿತು. "ಹೊಟ್ಟೆ ಒಳಗೆ ಎಳ್ಕೊಳ್ಳಿ" ಎಂದರೆ ಇವರು ಉಸಿರು ಹಿಡಿದು ಕೆಂಪಾಗಿ, "ಗಟ್ಟಿ ಕಟ್ಟು, ಯಂತ್ರದಾಗ ಬಿಚ್ಚೀತು" ಎಂದರು. ಹೊರಗಿನಿಂದ ಹುಡುಗಿ, "ಹೋ ಗಯಾ ಕ್ಯಾ ಕಾಕಾ?" ಎಂದು ಬಾಗಿಲು ತಟ್ಟಿದಳು. ನಾವಿಬ್ಬರೂ ಕಳ್ಳರ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕೆವು. ಜನರೆದುರು ಒಮ್ಮೆಯೂ ನನ್ನ ಕೈ ಹಿಡಿಯದ ಮನುಷ್ಯ ಅವತ್ತು ನನ್ನ ತಲೆಯ ಮೇಲೆ ಕೈಯಿಟ್ಟು ಆಮೇಲೆ ಒಳಗೆ ಹೋದರು. ಅವರು ಬರುವವರೆಗೆ ಬೆಳ್ಳಿಯ ಉಡದಾರವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಬಹಳ ಹೊತ್ತು ಅದರಲ್ಲಿ ಅವರ ಮೈಯ ಬಿಸಿಯಿತ್ತು.

ಹೊರಗೆ ಬಂದವರನ್ನು, ಹೇಗಿತ್ತು ಎಂದು ಕೇಳಿದೆ. "ಏನಿಲ್ಲ, ಚಲೋ ನಿದ್ದಿ ಹತ್ತಿತ್ತು" ಎಂದರು.

ಚಿತ್ರದಲ್ಲಿ ಒಂದು ಸಣ್ಣ ಅನುಮಾನದ ಜಾಗ ಕಂಡಿತು. ಅಲ್ಲಿಂದಲೇ ತುಣುಕು ತೆಗೆದರು. ಕ್ಯಾನ್ಸರ್ ಹೌದು, ಆದರೆ ಮಂದಗತಿಯದು, ಈಗಲೇ ಕೊಯ್ಯುವುದು ಬೇಡ, ರಕ್ತ ಪರೀಕ್ಷೆ ಮಾಡಿಸುತ್ತಾ ವರ್ಷಕ್ಕೊಮ್ಮೆ ಎಂಆರ್‌ಐ ತೆಗೆದು ಕಣ್ಣಿಟ್ಟಿರೋಣ ಎಂದರು ಡಾಕ್ಟರರು. "ಅಂದ್ರ ಕಳ್ಳನ್ನ ಮನ್ಯಾಗ ಇಟ್ಕೊಂಡು ಕಾಯೂದು" ಎಂದರು ಇವರು. ನಾನು ಅದನ್ನು ಡಾಕ್ಟರರಿಗೆ ಹಿಂದಿಯಲ್ಲಿ ಹೇಳಿದೆ. ಹೌದು, ಕೆಲವು ಕಳ್ಳರು ಸಾಯುವವರೆಗೂ ಏನನ್ನೂ ಕದಿಯುವುದಿಲ್ಲ ಎಂದು ಡಾಕ್ಟರರು ನಕ್ಕರು.

ಹಾಗೆ ವರ್ಷಕ್ಕೊಂದು ಸ್ಕ್ಯಾನಿನ ದಿನ ನಮಗೆ ಗಂಟುಬಿತ್ತು. ನಿಜ ಹೇಳುತ್ತೇನೆ, ಬರಬರುತ್ತಾ ನಾನು ಆ ದಿನಕ್ಕೆ ಕಾಯತೊಡಗಿದೆ. ಹಿಂದಿನ ದಿನವೇ ಸೀರೆ ತೆಗೆದಿಡುತ್ತಿದ್ದೆ. ಮಗಳು, "ಅಮ್ಮ, ಯೂ ಆರ್ ಗೋಯಿಂಗ್ ಫಾರ್ ಅ ಸ್ಕ್ಯಾನ್, ಮದುವೆಗಲ್ಲ" ಎಂದು ಅಣಕಿಸುತ್ತಿದ್ದಳು. ಕರಿದಾರ ಕಟ್ಟುವುದು, ಬಿಚ್ಚುವುದು, ಆಮೇಲೆ ಮಾಟುಂಗಕ್ಕೆ ಹೋಗಿ ಊಟ ಮಾಡುವುದು. ನೀವು ಉಡುಪಿ ಮಂದಿ ಸಾಂಬಾರಿಗೆ ಬೆಲ್ಲ ಹಾಕಿ ಕೆಡಿಸ್ತೀರಿ ಎಂದು ಬೈಯುತ್ತಲೇ ಇವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ರಿಪೋರ್ಟು ಬಂದಾಗ ಡಾಕ್ಟರರು ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಿ, ಬದಲಾವಣೆಯಿಲ್ಲ ಎನ್ನುತ್ತಿದ್ದರು. ಮನೆಗೆ ಬಂದು ಇವರು, "ಹಾಂಗ ಐತಿ" ಎಂದು ನೆರೆಯವರಿಗೆಲ್ಲ ಸಾರುತ್ತಿದ್ದರು. ಇನ್ನೊಂದು ವರ್ಷ ಇವರು ನನ್ನವರು ಎಂದು ನನಗೆ ಕೇಳಿಸುತ್ತಿತ್ತು.

ಕಳ್ಳ ಕೊನೆಗೂ ಏನನ್ನೂ ಕದಿಯಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಲ್ಲೇ ಎದೆ ಹಿಡಿದುಕೊಂಡರು, ಅಷ್ಟೇ. ಊರಿಂದ ಬಂದ ಅವರ ಕಾಕಾ ಉಡದಾರ ಹರಿಯಲು ಬಗ್ಗಿದಾಗ ನಾನು ಅಡ್ಡ ಬಂದೆ. "ಹರೀಬೇಡಿ, ಅದನ್ನು ಬಿಚ್ಚಿ ನನಗೆ ಅಭ್ಯಾಸ ಉಂಟು" ಎಂದೆ. ಹಿರಿಯರು ಹಿಂದೆ ಸರಿದರು. ನಾನೇ ಬಿಚ್ಚಿದೆ. ಮೊದಲು ಕಟ್ಟಲಿಕ್ಕೆ ಕರಿದಾರ ಬೇಕಿರಲಿಲ್ಲ ಎಂಬುದು ತಿಳಿದಿದ್ದರೂ ನನ್ನ ಎಡಗೈ ಅದನ್ನು ಹುಡುಕಿತು.

ಇರಲಿ. ಕಳೆದ ವಾರದ ಮಾತು ಹೇಳುತ್ತಿದ್ದೆ. ಪಿನ್ನುಗಳೆಲ್ಲ ತಟ್ಟೆ ಸೇರಿದ ಮೇಲೆ ನನ್ನನ್ನು ಯಂತ್ರದೊಳಗೆ ದೂಡಿದರು. ಮೂಗಿನ ಮೇಲೇ ಛಾವಣಿ. ಆಮೇಲೆ ಶುರುವಾಯಿತು ನೋಡಿ ಸದ್ದು, ಕುಟ್ಟುವುದು, ಕೊರೆಯುವುದು, ತಲೆಯ ಪಕ್ಕದಲ್ಲೇ ರಸ್ತೆ ಅಗೆಯುವುದು. ಕಿವಿಗೆ ಇಟ್ಟ ಹತ್ತಿಯಿಂದ ಏನೂ ಪ್ರಯೋಜನವಾಗಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, "ನಿದ್ದೆಯಂತೆ ನಿದ್ದೆ! ಎಂಥ ಸುಳ್ಳ ಮಾರಾಯ್ರೆ ನೀವು" ಎಂದು ಬೈದೆ. ವರ್ಷ ವರ್ಷವೂ ಅವರು ಇದರೊಳಗೆ ಅಲ್ಲಾಡದೆ ಮಲಗಿ ಎದ್ದು ಬಂದು ನನ್ನ ಮುಂದೆ ಪರದೆ ಇಳಿಸಿದ್ದರು. ಅಳು ಬಂತು, ಆದರೆ ಅಲ್ಲಾಡಬಾರದಲ್ಲ, ಹಾಗೇ ಕಿವಿಯೊಳಗೆ ಇಳಿಯಿತು.

ಹೊರಗೆ ಬಂದು ಪಿನ್ನುಗಳನ್ನು ಸಿಕ್ಕಿಸಿಕೊಳ್ಳುತ್ತಾ ಕೂತೆ. ಪಕ್ಕದ ಕುರ್ಚಿಯಲ್ಲಿ ನನ್ನ ಮಗಳ ವಯಸ್ಸಿನ ಮರಾಠಿ ಹೆಂಗಸು. ಮಡಿಲಲ್ಲಿ ಗಂಡಸಿನ ಕನ್ನಡಕ, ಬೆಲ್ಟು, ವಾಚು. ಬೆಲ್ಟನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ನಡೆದಿತ್ತು. ನನ್ನ ಕಡೆ ತಿರುಗಿ, "ತುಮಚೇ ಮಿಸ್ಟರ್ ಪಣ್ ಆತ್ ಆಹೇತ್ ಕಾ?" ಎಂದು ಕೇಳಿದಳು. ನಿಮ್ಮ ಯಜಮಾನರೂ ಒಳಗಿದ್ದಾರಾ ಎಂದು.

"ಹೋ" ಎಂದೆ, ಹೌದು ಎಂದು.

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಎಷ್ಟು ಹೊತ್ತು ಬೇಕಾಗುತ್ತದೆ ಎಂದಳು. ಹೊತ್ತು ಹಿಡಿಯುತ್ತದೆ, ಹೆದರಬೇಡ, ಬರುತ್ತಾರೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಆ ಬಾಗಿಲನ್ನೇ ನೋಡುತ್ತಾ ಕೂತೆವು. ಎಷ್ಟೋ ದಿನಗಳ ಮೇಲೆ ನನಗೆ ಹಾಯೆನಿಸಿತು.

ಬಾಗಿಲು ತೆರೆದು ಅವಳ ಗಂಡ ಬಂದ. ಅವಳು ಎದ್ದು ಓಡಿ ಕನ್ನಡಕ ಕೊಟ್ಟಳು. ಹೋಗುವಾಗ ತಿರುಗಿ, "ತುಮಚೇ ಪಣ್ ಯೇತೀಲ್ ಆತಾ" ಎಂದಳು, ನಿಮ್ಮವರೂ ಈಗ ಬಂದುಬಿಡುತ್ತಾರೆ ಎಂದು. ನಾನು ತಲೆಯಾಡಿಸಿದೆ. ಕೌಂಟರಿನಲ್ಲಿ ಬಿಲ್ಲು ಕಟ್ಟಿ ಬಂದ ಮಗಳು, ನಿನ್ನದು ಮುಗಿಯಿತಲ್ಲ, ಹೋಗೋಣ ನಡಿ ಎಂದಳು. "ಸ್ವಲ್ಪ ತಡಿ" ಎಂದು ಇನ್ನೂ ಆ ಬಾಗಿಲಿನ ಎದುರು ಕೂತೇ ಇದ್ದೆ.