ತಂಡೇಲರ ನಾಲ್ಕು ಬೆರಳು, ನಮ್ಮ ಮೇಷ್ಟ್ರ ಐದು

ಕುರುಬರಹಳ್ಳಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಮಿಕ್ಸಿ, ಫ್ಯಾನು, ಸುಟ್ಟುಹೋದದ್ದೆಲ್ಲ ನನ್ನ ಬಳಿಗೆ ಬರುತ್ತದೆ. ಭಾನುವಾರ ಮಾತ್ರ ಶಟರ್ ಎತ್ತುವುದಿಲ್ಲ. ಅವತ್ತು ನಾವು ಎಂಟು ಜನ ಗೆಳೆಯರು ಕೆಂಗೇರಿ ದಾಟಿ ಯಾವುದಾದರೊಂದು ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂರುತ್ತೇವೆ. ಬಹಳ ವರ್ಷದ ರೂಢಿ ಇದು. ಕೆರೆಯ ಮೀನು ಸಾಕು, ಒಂದು ಸಲ ಸಮುದ್ರದ ಒಳಗೆ ಹೋಗಿ ದೊಡ್ಡದನ್ನು ಹಿಡಿಯಬೇಕು ಎಂಬ ಮಾತು ಪ್ರತಿ ಚಳಿಗಾಲಕ್ಕೂ ಏಳುತ್ತಿತ್ತು, ಯುಗಾದಿಯ ಹೊತ್ತಿಗೆ ಮಲಗುತ್ತಿತ್ತು. ಎರಡು ವರ್ಷದ ಹಿಂದೆ ಅದು ಮಲಗಲಿಲ್ಲ. ಹೊನ್ನಾವರದ ಆಚೆ ಒಂದು ಸಣ್ಣ ಬಂದರಿನಲ್ಲಿ ಮೂರು ದೋಣಿ ಗೊತ್ತುಮಾಡಿ, ಶನಿವಾರ ಭಾನುವಾರ ಎರಡೂ ದಿನ ಬೆಳಗ್ಗೆ ಸಮುದ್ರಕ್ಕಿಳಿಯುವುದೆಂದು ತೀರ್ಮಾನವಾಯಿತು. ಏರ್ಪಾಡೆಲ್ಲ ನನ್ನ ತಲೆಯ ಮೇಲೆ ಬಿತ್ತು.

ಹೊರಡುವ ವಾರ ಅಂಗಡಿಯಲ್ಲಿ ಗಾಳಗಳನ್ನು ವಿಂಗಡಿಸುತ್ತ ಕೂತಿದ್ದಾಗ ನಮ್ಮ ಮೇಷ್ಟ್ರು ಮಿಕ್ಸಿ ಹಿಡಿದುಕೊಂಡು ಬಂದರು. ರಾಜಾಜಿನಗರದ ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ಈಗ ಎಪ್ಪತ್ತೆರಡು ವರ್ಷ, ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲೇ ಮನೆ. ಹಣೆಯ ಮೇಲೆ ವಿಭೂತಿ ಇಲ್ಲದೆ ಅವರನ್ನು ಯಾರೂ ಕಂಡಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ಗಾಳಗಳನ್ನು ನೋಡಿ ಎಲ್ಲಿಗೆ ಹೊರಟಿದ್ದೀಯ ಎಂದು ಕೇಳಿದರು. ಹೇಳಿದೆ. ದಡದಿಂದ ಎಷ್ಟು ದೂರ ಹೋಗುತ್ತೀರಿ ಎಂದು ಕೇಳಿದರು. ಹತ್ತು ಕಿಲೋಮೀಟರ್ ಇರಬಹುದು ಅಂದೆ. ಮಿಕ್ಸಿಯನ್ನು ಮೇಜಿನ ಮೇಲಿಟ್ಟರು.

"ದೀಪಸ್ತಂಭದ ಮೇಲಿಂದ ಹಡಗು ನೋಡೋ ಲೆಕ್ಕ ಇತ್ತಲ್ಲ, ಮೂವತ್ನಾಲ್ಕು ವರ್ಷ ಮಾಡ್ಸಿದೀನಿ ಕಣಪ್ಪ" ಅಂದರು. "ಒಂದ್ ಸಲಾನೂ ದೋಣಿಯಲ್ಲಿ ಕೂತಿಲ್ಲ. ನಾನೂ ಬರಬಹುದಾ?"

ಇಲ್ಲ ಅನ್ನುವುದು ಹೇಗೆ? ಬನ್ನಿ ಸಾರ್ ಅಂದುಬಿಟ್ಟೆ.

ಗೆಳೆಯರು ಒಪ್ಪಲಿಲ್ಲ. ಅದರಲ್ಲೂ ಬಸವೇಶ್ವರನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವನು, ನಮ್ಮಲ್ಲೆಲ್ಲ ಒಳ್ಳೆಯ ರಾಡು, ಒಳ್ಳೆಯ ರೀಲು ಇರುವುದು ಅವನ ಹತ್ತಿರ. "ಮಗಾ, ಮೀನ್ ವಾಸ್ನೆಗೆ ಸಾರ್ ತಲೆ ತಿರುಗಿ ಬಿದ್ರೆ ಯಾರು ನೋಡ್ಕೊಳ್ಳೋದು? ನಾವ್ ಮೀನ್ ಹಿಡಿಯಕ್ ಹೋಗ್ತಿರೋದಾ, ಅವರನ್ನ ಹಿಡ್ಕೊಳ್ಳಕ್ಕಾ?" ಎಂದ. ನನ್ನ ದೋಣಿಯಲ್ಲೇ ಕೂರಿಸಿಕೊಳ್ಳುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ ಅಂದೆ. ಅದೇ ದೋಣಿಗೆ ಅವನ ಹೆಸರೂ ಬಂದಿದ್ದರಿಂದ ಮುಖ ಇನ್ನಷ್ಟು ಸಣ್ಣದಾಯಿತು.

ಶುಕ್ರವಾರ ಮುಂಜಾನೆ ಬಾಡಿಗೆಯ ಟಿಟಿ ವ್ಯಾನು ಹತ್ತಿದೆವು. ಸಂಜೆಯ ಹೊತ್ತಿಗೆ ಬಂದರು ಸೇರಿ, ಮರುದಿನ ಸೂರ್ಯ ಹುಟ್ಟುವ ಮೊದಲೇ ಮೂರು ದೋಣಿಗಳಲ್ಲಿ ಹೊರಟೆವು. ದೋಣಿ ನಡೆಸುವ ಮುಖ್ಯಸ್ಥನನ್ನು ಅಲ್ಲಿ ತಂಡೇಲ ಎನ್ನುತ್ತಾರೆ. ದೊಡ್ಡ ದೋಣಿ ಎರಡಕ್ಕೂ ಇಬ್ಬರು ಹುರುಪಿನ ಅಣ್ಣತಮ್ಮಂದಿರು ತಂಡೇಲರು, ಅವರ ಬಳಿ ಜಿಪಿಎಸ್ ಇತ್ತು. ನಮ್ಮದು ಎಲ್ಲಕ್ಕಿಂತ ಚಿಕ್ಕದು. ಅದರ ತಂಡೇಲರು ಆ ಇಬ್ಬರ ದೊಡ್ಡಪ್ಪ. ಅರವತ್ತೈದು ದಾಟಿದವರು, ಹಲಸಿನ ಕೊರಡಿನಂಥ ಕೈಗಳು, ಮಾತು ಕಡಿಮೆ. ಮುಂದೆ ಹೋಗುವ ದೋಣಿಯ ಇಂಜಿನ್ ಸದ್ದು ಹಿಡಿದೇ ಅವರು ದೋಣಿ ಬಿಡುತ್ತಿದ್ದರು. ಕಣ್ಣಿಗೆ ಪೊರೆ ಬಂದು ದೂರದ್ದು ಮಂಜಾಗಿ ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು.

ಆ ಶನಿವಾರದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀರಿನೊಳಗೆ ಮುಳುಗಿರುವ ಬಂಡೆಯ ಸುತ್ತ ದೊಡ್ಡ ಮೀನುಗಳು ಇರುತ್ತವೆ. ಅಂಥ ಬಂಡೆಗೆ ಅವರು ಕಲ್ಲು ಎಂದೇ ಹೇಳುವುದು. ಎಲ್ಲರಿಗೂ ಗೊತ್ತಿರುವ ಒಂದು ಕಲ್ಲಿನ ಮೇಲೆ ನಮ್ಮ ಮೂರು ದೋಣಿ ನಿಂತವು. ಅಲ್ಲಿ ಆಗಲೇ ಬೇರೆ ಆರೇಳು ದೋಣಿಗಳಿದ್ದವು. ಮಧ್ಯಾಹ್ನದ ತನಕ ಕೂತರೂ ಸಿಕ್ಕಿದ್ದು ಅಂಗೈಯಗಲದ ಬಂಗುಡೆಗಳು ಮಾತ್ರ. ಹಾರ್ಡ್‌ವೇರ್ ಗೆಳೆಯನ ದುಬಾರಿ ಗಾಳ ಬಂಡೆಗೆ ಸಿಕ್ಕಿಕೊಂಡು ಕಿತ್ತುಹೋಯಿತು. ನನಗಂತೂ ದೋಣಿ ನಿಂತ ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳಸಿ, ಅಂಚಿಗೆ ಒರಗಿದವನು ಏಳಲೇ ಇಲ್ಲ. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅವರು ನನ್ನ ಬೆನ್ನು ಸವರುತ್ತ, ನಿಂಬೆಹಣ್ಣು ಮೂಸಲು ಕೊಡುತ್ತ, ದಡದ ಕಡೆ ನೋಡುತ್ತ ಕೂತಿದ್ದರು. ಹಿಂದಿನ ವರ್ಷ ಎರಡೂ ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡಿದ್ದರಿಂದ ಅವರಿಗೆ ದೂರದ್ದೆಲ್ಲ ಚೊಕ್ಕಟವಾಗಿ ಕಾಣುತ್ತಿತ್ತು. ಅಲ್ಲಿ ದೀಪಸ್ತಂಭ, ಇಲ್ಲಿ ಚರ್ಚು, ಆ ಗುಡ್ಡದಲ್ಲಿ ಕೊಡಲಿಯಿಂದ ಕಡಿದಂತೆ ಒಂದು ಸೀಳು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಅದನ್ನು ಕೇಳಿಸಿಕೊಂಡ ತಂಡೇಲರು ಇಂಜಿನ್ ಪಕ್ಕದಿಂದ ಎದ್ದು ಬಂದರು. ಆ ಸೀಳು ನಿಮಗೆ ಕಾಣುತ್ತದಾ ಎಂದು ಕೇಳಿದರು. ಕಾಣುತ್ತದಲ್ಲ, ಅದರ ಎಡಕ್ಕೆ ಒಂದು ಒಂಟಿ ಮರ ಕೂಡ ಇದೆ ಎಂದರು ಮೇಷ್ಟ್ರು. ತಂಡೇಲರು ವಾಪಸು ಹೋಗಿ ಇಂಜಿನ್ ಪಕ್ಕ ಕೂತರು.

ದಡಕ್ಕೆ ಬಂದ ಮೇಲೆ ಗೆಳೆಯರೆಲ್ಲ ಮುಖ ದಪ್ಪ ಮಾಡಿಕೊಂಡು ರೂಮಿಗೆ ಹೋದರು. ನಾನು ಬಲೆ ಒಣಗಿಸುವ ಚಪ್ಪರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದೆ. ಪಕ್ಕದಲ್ಲಿ ಆ ಇಬ್ಬರು ಹಿರಿಯರ ಮಾತು ಶುರುವಾಯಿತು. ತಂಡೇಲರ ಅಪ್ಪನಿಗೆ ಮಾತ್ರ ಗೊತ್ತಿದ್ದ ಒಂದು ಕಲ್ಲು ಇತ್ತಂತೆ. ಅದು ಯಾರ ಜಿಪಿಎಸ್‌ನಲ್ಲೂ ಇಲ್ಲ. ಅದನ್ನು ಹುಡುಕಲು ಎರಡು ಗುರುತು. ಮೊದಲನೆಯದು, ಗುಡ್ಡದ ಸೀಳಿನ ಒಳಗೆ ದೀಪಸ್ತಂಭ ಸರಿಯಾಗಿ ಕೂತಂತೆ ಕಾಣಬೇಕು. ಅದನ್ನು ಹಾಗೇ ಇಟ್ಟುಕೊಂಡು ನೇರ ಸಮುದ್ರದ ಕಡೆಗೆ ಹೋಗುತ್ತಿರಬೇಕು. ಎರಡನೆಯದು, ಉತ್ತರದ ದ್ವೀಪದ ಹಿಂದಿನಿಂದ ದಡದ ಒಂದು ದೊಡ್ಡ ಗೋಳಿಮರ, ಅಂದರೆ ಆಲದ ಮರ, ಹೊರಗೆ ಬಂದಂತೆ ಕಾಣುತ್ತದೆ, ಕಂಡ ಕೂಡಲೇ ನಿಲ್ಲಬೇಕು. ಆದರೆ ರಸ್ತೆ ಅಗಲ ಮಾಡುವಾಗ ಆ ಗೋಳಿಮರ ಹೋಯಿತು. ಎಲ್ಲಿ ನಿಲ್ಲಬೇಕು ಎಂದು ಹೇಳುವ ಗುರುತೇ ಇಲ್ಲವಾಯಿತು. ಅಷ್ಟರಲ್ಲಿ ಕಣ್ಣೂ ಮಂಜಾಯಿತು. ಹತ್ತು ಹನ್ನೆರಡು ವರ್ಷದಿಂದ ತಂಡೇಲರು ಆ ಕಡೆ ಹೋಗಿರಲಿಲ್ಲ.

ಮೇಷ್ಟ್ರು ಜೇಬಿನಿಂದ ಸಣ್ಣ ಡೈರಿ ತೆಗೆದು ಗೆರೆ ಎಳೆದರು. ಒಂದು ಗೆರೆ ಇದೆ, ಅದರ ಮೇಲೆ ಎಷ್ಟು ದೂರ ಅನ್ನುವುದು ಮಾತ್ರ ಬೇಕು ಎಂದರು. ಆ ಕಲ್ಲಿನ ಮೇಲೆ ನಿಂತಾಗ ದಡದಲ್ಲಿ ಇನ್ನೇನು ಕಾಣುತ್ತಿತ್ತು ಎಂದು ಬಿಡಿಸಿ ಬಿಡಿಸಿ ಕೇಳಿದರು. ತರಗತಿಯಲ್ಲಿ ನಮ್ಮನ್ನು ಕೇಳುತ್ತಿದ್ದ ಹಾಗೆಯೇ, ಉತ್ತರ ತಾವು ಹೇಳದೆ. ತಂಡೇಲರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಬಲಗೈ ಮುಂದಕ್ಕೆ ಚಾಚಿ ನಾಲ್ಕು ಬೆರಳು ಅಡ್ಡ ಹಿಡಿದರು.

"ದೀಪಸ್ತಂಭಕ್ಕೂ ಚರ್ಚಿಗೂ ನಡುವೆ ನಾಲ್ಕು ಬೆರಳು" ಎಂದರು. "ಅಪ್ಪ ಹಿಡಿದು ನೋಡ್ತಿದ್ರು. ನಾನೂ ನೋಡಿದ್ದೇನೆ. ಸರಿಯಾಗಿ ನಾಲ್ಕು."

ಮೇಷ್ಟ್ರ ಮುಖ ಅರಳಿದ್ದನ್ನು ನಾನು ಮಲಗಿದಲ್ಲಿಂದಲೇ ಕಂಡೆ. ದಡದಿಂದ ದೂರ ಹೋದಷ್ಟೂ ಎರಡು ಗುರುತುಗಳು ಹತ್ತಿರ ಹತ್ತಿರ ಬಂದಂತೆ ಕಾಣುತ್ತವೆ. ಅವುಗಳ ನಡುವೆ ಸರಿಯಾಗಿ ನಾಲ್ಕು ಬೆರಳು ಹಿಡಿಯುವ ಜಾಗ ಆ ಗೆರೆಯ ಮೇಲೆ ಒಂದೇ ಒಂದು ಇರುತ್ತದೆ. ಆದರೆ ಅದು ತಂಡೇಲರ ಬೆರಳು, ನೋಡಬೇಕಾದದ್ದು ಮೇಷ್ಟ್ರ ಕಣ್ಣು. ಮೇಷ್ಟ್ರು ನನ್ನ ರೀಲಿನಿಂದ ಒಂದು ಗಜ ದಾರ ಬಿಚ್ಚಿಕೊಂಡರು. ತಂಡೇಲರ ಕಣ್ಣಿನಿಂದ ಚಾಚಿದ ಕೈಯ ತನಕ ಅಳೆದರು, ನಾಲ್ಕು ಬೆರಳಿನ ಅಗಲ ಅಳೆದರು. ಆಮೇಲೆ ತಮ್ಮದನ್ನು ನನ್ನ ಕೈಯಲ್ಲಿ ಅಳೆಸಿದರು. ಮೇಷ್ಟ್ರದು ಉದ್ದ ತೋಳು, ಸೀಮೆಸುಣ್ಣ ಹಿಡಿದ ತೆಳ್ಳನೆಯ ಬೆರಳು. ಡೈರಿಯಲ್ಲಿ ಭಾಗಾಕಾರ ಮಾಡಿ, "ನಿಮ್ಮ ನಾಲ್ಕು ನನ್ನ ಐದಕ್ಕೆ ಸಮ. ಒಂದು ಕೂದಲೆಳೆ ಹೆಚ್ಚು" ಎಂದು ತಂಡೇಲರಿಗೆ ಹೇಳಿದರು.

ಭಾನುವಾರ ಬೆಳಗ್ಗೆ ಉಳಿದ ಎರಡು ದೋಣಿಗಳು ಹಿಂದಿನ ದಿನದ ಕಲ್ಲಿಗೇ ಹೋದವು. ನಮ್ಮದು ಬೇರೆ ಹಾದಿ ಹಿಡಿಯಿತು. ಇರುವುದು ಒಂದೇ ದಿನ, ಅದನ್ನೂ ಹಾಳು ಮಾಡುತ್ತೀರಿ ಎಂದು ಹಾರ್ಡ್‌ವೇರ್ ಗೆಳೆಯ ಗೊಣಗಿದ. ನನಗೂ ಒಳಗೊಳಗೇ ಅಳುಕಿತ್ತು. ಆದರೆ ಇಂಜಿನ್ ಹಿಡಿದ ತಂಡೇಲರು ಕೂತ ಭಂಗಿಯೇ ಬದಲಾಗಿತ್ತು.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ದೋಣಿಯ ನಡುವೆ ದಡಕ್ಕೆ ಮುಖ ಮಾಡಿ ನಿಂತರು. ಬೀಳದ ಹಾಗೆ ನಾನು ಅವರ ಸೊಂಟ ಹಿಡಿದುಕೊಂಡೆ. ದೀಪಸ್ತಂಭ ಸೀಳಿನಿಂದ ಜಾರಿದರೆ ಎಡ ಅನ್ನುವರು, ಬಲ ಅನ್ನುವರು, ತಂಡೇಲರು ಅಷ್ಟೇ ತಿರುಗಿಸುವರು. ಹೀಗೆ ಮುಕ್ಕಾಲು ಗಂಟೆ. ನಡುನಡುವೆ ಮೇಷ್ಟ್ರು ಒಂದು ಕೈಯ ನಾಲ್ಕು ಬೆರಳಿನ ಪಕ್ಕ ಇನ್ನೊಂದು ಕೈಯ ಒಂದು ಬೆರಳು ಸೇರಿಸಿ ಚಾಚಿ ನೋಡುವರು. ಇನ್ನೂ ಅಗಲ ಇದೆ, ಹೋಗಲಿ. ಇನ್ನೂ ಸ್ವಲ್ಪ. ಕಡೆಗೆ ಕೈ ಇಳಿಸದೆಯೇ, "ಇಲ್ಲೇ ನಿಲ್ಲಿಸಿ" ಅಂದರು.

ತಂಡೇಲರು ಇಂಜಿನ್ ನಿಲ್ಲಿಸಿ, ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಟ್ಟರು. ತೋಳು ಅಗಲಿಸಿ ಮಾರು ಲೆಕ್ಕದಲ್ಲಿ ದಾರ ಅಳೆದರು. ಹದಿನೆಂಟು ಮಾರು, ಕೆಳಗೆ ಬರೀ ಮರಳು. ಐವತ್ತು ಅಡಿ ಮುಂದೆ ಹೋದೆವು. ಹದಿನೆಂಟು. ಇನ್ನೊಂದು ಸಲ. ಮತ್ತೆ ಹದಿನೆಂಟು. ಗೆಳೆಯ ನನ್ನ ಕಡೆ ನೋಡಿದ, ನಾನು ನೀರಿನ ಕಡೆ ನೋಡಿದೆ. ಮೇಷ್ಟ್ರು ಒಂದು ಗಳಿಗೆ ಯೋಚಿಸಿ, ತಾವು ಆ ಕೂದಲೆಳೆಯನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ ಎಂದು ಒಪ್ಪಿಕೊಂಡರು. ಅಂತರ ಸ್ವಲ್ಪ ಹೆಚ್ಚು ಕಾಣಬೇಕು ಎಂದರೆ ದಡದ ಕಡೆಗೆ ಹಿಂದಕ್ಕೆ ಹೋಗಬೇಕು. ದೋಣಿ ತಿರುಗಿಸಿ ಅದೇ ಗೆರೆಯ ಮೇಲೆ ನಿಧಾನವಾಗಿ ಹಿಂದಕ್ಕೆ ಬಂದೆವು, ಗುಂಡು ಎತ್ತುತ್ತ, ಬಿಡುತ್ತ. ಆರನೆಯ ಸಲವೋ ಏಳನೆಯ ಸಲವೋ ದಾರ ಹನ್ನೊಂದು ಮಾರಿಗೇ ಸಡಿಲವಾಯಿತು. ತಂಡೇಲರು ದಾರವನ್ನು ಒಂದು ಗೇಣು ಎತ್ತಿ ಕುಟ್ಟಿ ನೋಡಿದರು. ಮತ್ತೆ ಕುಟ್ಟಿದರು. ಆಮೇಲೆ ದಾರವನ್ನು ಮೇಷ್ಟ್ರ ಕೈಗೆ ಕೊಟ್ಟು, ನೀವೇ ನೋಡಿ ಎಂದು ಸನ್ನೆ ಮಾಡಿದರು.

ಮೇಷ್ಟ್ರು ಕುಟ್ಟಿದರು. "ಗಟ್ಟಿ ಇದೆ" ಅಂದರು. ಇನ್ನೊಮ್ಮೆ ಕುಟ್ಟಿದರು.

ತಂಡೇಲರು ಸಮುದ್ರದ ನೀರನ್ನು ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅದು ನಮಸ್ಕಾರವೋ ಅಳು ಮುಚ್ಚಿಕೊಂಡದ್ದೋ ನಾನು ಕೇಳಲಿಲ್ಲ.

ಮುಂದಿನದು ಮಾತಿಗೆ ನಿಲುಕದ ಬೆಳಗು. ಬಂಗುಡೆಯ ತುಂಡು ಚುಚ್ಚಿ ಕೆಳಗೆ ಬಿಟ್ಟ ಮೊದಲ ಗಾಳಕ್ಕೇ ಕೆಂಪನೆಯ ಕೆಂಬೇರಿ ಮೀನು ಬಂತು, ಗೆಳೆಯನ ರಾಡಿಗೆ. ಅವನು ಬೊಬ್ಬೆ ಹಾಕುವುದನ್ನೂ ಮರೆತು ಬಾಯಿ ತೆರೆದು ನಿಂತ. ಕೂಡಲೇ ಫೋನ್ ತೆಗೆದು ಜಾಗದ ಗುರುತು ಹಾಕಿಕೊಳ್ಳಲು ಹೊರಟ. ತಂಡೇಲರು ಕೈ ಅಡ್ಡ ಹಿಡಿದರು. ಅವನು ಫೋನನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡ. ಅವನಲ್ಲಿ ಅಂಥ ವಿಧೇಯತೆಯನ್ನು ನಾನು ಅದೇ ಮೊದಲು ಕಂಡದ್ದು. ಆದರೆ ಸ್ವಲ್ಪ ಹೊತ್ತಿನ ಮೇಲೆ ತಂಡೇಲರೇ ತಮ್ಮ ಫೋನಿನಿಂದ ತಮ್ಮನ ಮಕ್ಕಳನ್ನು ಕರೆದು, ಹೀಗೆ ಬನ್ನಿ ಎಂದು ದಿಕ್ಕು ಹೇಳಿದರು. ಮೇಷ್ಟ್ರು ಆಶ್ಚರ್ಯದಿಂದ ನೋಡಿದಾಗ ಅವರು ಹೇಳಿದ್ದು ಇಷ್ಟೇ: "ಇಷ್ಟು ವರ್ಷ ನನ್ನೊಬ್ಬನ ತಲೆಯಲ್ಲಿ ಇತ್ತು. ನಾನು ಹೋದರೆ ಕಲ್ಲೂ ಹೋಗ್ತಿತ್ತು ಮಾರಾಯ್ರೆ. ಮನೆಯ ಮಕ್ಕಳಿಗೆ ಇರಲಿ."

ಎರಡು ದೋಣಿಗಳು ಬಂದು ನಮ್ಮ ಎಡಬಲಕ್ಕೆ ನಿಂತವು. ಆ ಹೊತ್ತಿಗೆ ನನ್ನ ರಾಡು ಬಾಗಿತ್ತು. ಮೊದಲು ಗಾಳ ಬಂಡೆಗೆ ಸಿಕ್ಕಿತೆಂದೇ ತಿಳಿದೆ. ಆಮೇಲೆ ಆ ಬಂಡೆ ನಡೆಯತೊಡಗಿತು. ಬಿಟ್ಟರೆ ಬಂಡೆಯ ಸಂದಿಗೆ ನುಗ್ಗುತ್ತದೆ, ಒಂದು ಗೇಣೂ ಬಿಡಬೇಡಿ ಎಂದು ತಂಡೇಲರು ಹಿಂದಿನಿಂದ ಹೇಳುತ್ತಿದ್ದರು. ನಾನು ಮೊಣಕಾಲನ್ನು ಅಂಚಿಗೆ ಒತ್ತಿ ಎಳೆದೆ. ಹೊಟ್ಟೆ ತೊಳಸುವುದು ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ಮೇಷ್ಟ್ರು ನನ್ನ ಸೊಂಟ ಹಿಡಿದುಕೊಂಡಿದ್ದರು. ಮೂರು ದೋಣಿಯವರೂ ತಮ್ಮ ಗಾಳ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷವಾದ ಮೇಲೆ ನೀರಿನೊಳಗೆ ಕಂದು ಬಣ್ಣದ ನೆರಳೊಂದು ಅಗಲವಾಗುತ್ತ ಮೇಲೆ ಬಂತು. ಮುರು ಮೀನು, ಬಕೆಟ್ಟಿನಷ್ಟು ಬಾಯಿ. ಗೆಳೆಯನೂ ತಂಡೇಲರೂ ಸೇರಿ ಅದನ್ನು ದೋಣಿಯೊಳಗೆ ಎಳೆದುಕೊಂಡಾಗ ಮೂರು ದೋಣಿಗಳಿಂದ ಎದ್ದ ಕೂಗಿಗೆ ನೀರಿನ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಹಾರಿದವು. ದಡದಲ್ಲಿ ತೂಗಿದಾಗ ಹದಿನಾಲ್ಕು ಕಿಲೋ ಇತ್ತು.

ಮಧ್ಯಾಹ್ನ ಮೂರು ದೋಣಿಗಳೂ ಸಾಲಾಗಿ ಬಂದರಿಗೆ ಬಂದವು. ಎಲ್ಲದರಲ್ಲೂ ಐಸ್ ಪೆಟ್ಟಿಗೆ ತುಂಬಿತ್ತು. ನನ್ನ ಮುರುವನ್ನು ತಂಡೇಲರ ಮನೆಗೇ ಕೊಟ್ಟೆ. ಊಟವೂ ಅಲ್ಲೇ. ಮೇಷ್ಟ್ರಿಗೆಂದು ತಂಡೇಲರ ಹೆಂಡತಿ ಬೇರೆ ಪಾತ್ರೆ ತೊಳೆದಿಟ್ಟು ಸೌತೆಕಾಯಿ ಹುಳಿ ಮಾಡಿದ್ದರು. ನಮ್ಮ ಎಲೆಗಳಲ್ಲೆಲ್ಲ ಮೀನು, ನಡುವೆ ಮೇಷ್ಟ್ರು ಹುಳಿಯನ್ನ ಕಲಸಿಕೊಂಡು ನೆಮ್ಮದಿಯಾಗಿ ಉಂಡರು. ತಮ್ಮನ ಮಕ್ಕಳು ಜಿಪಿಎಸ್‌ನಲ್ಲಿ ಆ ಜಾಗಕ್ಕೆ ಏನು ಹೆಸರು ಹಾಕಬೇಕೆಂದು ಕೇಳಿದಾಗ ತಂಡೇಲರು ಮೇಷ್ಟ್ರ ಕಡೆ ಕೈ ತೋರಿಸಿದರು. ಮೇಷ್ಟ್ರು ತಲೆಯಲ್ಲಾಡಿಸಿ, "ನಿಮ್ಮ ತಂದೆಯವರ ಹೆಸರೇ ಹಾಕಿ. ಕಂಡುಹಿಡಿದವರು ಅವರು, ನಾನು ಅಳತೆ ಮಾಡಿದೆ ಅಷ್ಟೆ" ಎಂದರು. ಹಾಗೇ ಹಾಕಿದರು.

ವಾಪಸು ಹೊರಟಾಗ ಹಾರ್ಡ್‌ವೇರ್ ಗೆಳೆಯ ಟಿಟಿಯ ಮುಂದಿನ ಸೀಟನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟು ಅವರ ಹಿಂದೆಯೇ ಕೂತ. ಘಟ್ಟ ಹತ್ತುವಾಗಲೆಲ್ಲ ಅವನದು ಒಂದೇ ಸಮನೆ ಪ್ರಶ್ನೆ, ಸಾರ್, ಇನ್ನೊಂದ್ ಸಲ ಹೇಳಿ, ದೂರ ಹೋದ್ರೆ ಅಂತರ ಯಾಕ್ ಕಮ್ಮಿ ಆಗುತ್ತೆ. ಮೇಷ್ಟ್ರು ಬೇಸರವಿಲ್ಲದೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಸಾಗರದಲ್ಲಿ ಕಾಫಿಗೆ ಇಳಿದೆವು. ಲೋಟ ಎತ್ತಲು ಹೋದರೆ ನನ್ನ ತೋಳು ಏಳಲೇ ಇಲ್ಲ, ಅಷ್ಟು ಹಿಡಿದುಕೊಂಡಿತ್ತು. ಎರಡೂ ಕೈಯಲ್ಲಿ ಲೋಟ ಹಿಡಿದು, ಮಗುವಿನ ಹಾಗೆ ಬಗ್ಗಿ ಕುಡಿದೆ. ಗೆಳೆಯರೆಲ್ಲ ನೋಡಿ ನಕ್ಕರು. ನಾನೂ ನಕ್ಕೆ, ಅಷ್ಟು ಸಿಹಿಯಾದ ನೋವು ನನಗೆ ಎಂದೂ ಬಂದಿರಲಿಲ್ಲ.