ಮೂರನೆಯ ಬೀಗದಕೈ

ಕೆಂಟಕಿಯ ಆ ಬೆಟ್ಟದ ಸೀಮೆಯಲ್ಲಿ ಬಂದೂಕಿಲ್ಲದ ಮನೆ ಅಪರೂಪ. ಬಂದೂಕು ರಿಪೇರಿ ಬಲ್ಲವನು ಇನ್ನೂ ಅಪರೂಪ. ಅರ್ಲೀನ್ ಸ್ಟಿಡಮ್‌ಳ ಗಂಡ ಹೋಬರ್ಟ್ ಮನೆಯ ಹಿಂಗೋಣೆಯಲ್ಲೇ ಮೂವತ್ತು ವರ್ಷ ಆ ಕೆಲಸ ಮಾಡಿದ, ಬಂದೂಕುಗಳನ್ನು ಮಾರಿದ. ಅವನು ತೀರಿಕೊಂಡ ಮೇಲೆ ಬಂದೂಕು ವ್ಯಾಪಾರದ ಲೈಸೆನ್ಸಿನ ಅವಧಿಯೂ ಮುಗಿಯಿತು. ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಅರ್ಲೀನ್ ಎರಡು ವರ್ಷ ಆ ಕೋಣೆಯ ಬಾಗಿಲು ತೆಗೆಯಲಿಲ್ಲ.

ತೆಗೆಸಿದವನು ಮೈದುನ ಡೆಲ್ಮರ್. ಒಂದು ದಿನ ಹೊಸ ಲೈಸೆನ್ಸಿನ ಅರ್ಜಿ ಹಿಡಿದುಕೊಂಡೇ ಬಂದ.

“ನಿನ್ನ ಹೆಸರಲ್ಲಿ ಹಾಕು ಅರ್ಲೀನ್. ಹೋಬರ್ಟ್ ಪಕ್ಕ ಕೂತು ಕೆಲಸ ನೀನೂ ಕಲ್ತಿದ್ದೀಯ. ವ್ಯಾಪಾರ ನಾನು ನೋಡ್ಕೋತೀನಿ.”

ಅಣ್ಣನ ಮಣ್ಣಿಗೂ ತಡವಾಗಿ ಬಂದಿದ್ದ ಮನುಷ್ಯ ಈಗ ಆ ಕೋಣೆಗೆ ಕಬ್ಬಿಣದ ಬಾಗಿಲು ತಂದ, ತಾನೇ ನಿಂತು ಬೀಗ ಕೂರಿಸಿದ. ಅರ್ಲೀನ್ ಬೀನ್ಸ್, ಜೋಳದ ಬ್ರೆಡ್ಡು ಬಡಿಸುತ್ತಾ ಅವನ ಮುಖವನ್ನೇ ನೋಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ ಅನ್ನಿಸಿತು.

ವ್ಯವಹಾರ ನಡೆಸುವವರೆಲ್ಲರ ಹೆಸರು, ಬೆರಳಚ್ಚು ಬೇಕೆಂದು ಅರ್ಜಿಯಲ್ಲಿತ್ತು.

“ನಾಳೆ ಶೆರಿಫ್ ಆಫೀಸಿಗೆ ಹೋಗಿ ಇಬ್ರದ್ದೂ ಕೊಟ್ಟು ಬರೋಣ,” ಎಂದಳು.

“ನಂದ್ಯಾಕೆ? ನಾನು ಬರೀ ಕೈಯಾಳು ಅಂದ್ಕೋ.”

“ವ್ಯಾಪಾರ ನಾನು ನೋಡ್ಕೋತೀನಿ ಅಂದಿದ್ಯಲ್ಲ?”

“ಹೆಸರು ಜಾಸ್ತಿ ಆದಷ್ಟೂ ಪ್ರಶ್ನೆ ಜಾಸ್ತಿ,” ಎಂದು ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಅವಳು ಒಬ್ಬಳೇ ಹೋಗಿ ಬಂದಳು.

ಆರು ವಾರದ ಮೇಲೆ ಲೈಸೆನ್ಸ್ ಕೊಡುವ ಇಲಾಖೆಯಿಂದ ತಪಾಸಣೆಗೆ ಒಬ್ಬ ಅಧಿಕಾರಿಣಿ ಬಂದಳು. ಸರ್ಕಾರದ ಕಾರು ಬಂತೆಂದರೆ ಆ ಕಣಿವೆಯಲ್ಲಿ ಮನೆಮನೆಯ ಪರದೆ ಅಲುಗುತ್ತದೆ. ಅರ್ಲೀನ್‌ಗೂ ಅವಳ ಮೇಲೆ ನಂಬಿಕೆಯಿರಲಿಲ್ಲ. ಕೊಟ್ಟ ಕಾಫಿಯನ್ನು ಮುಟ್ಟದವಳನ್ನು ಹೇಗೆ ನಂಬುವುದು?

“ಬೀಗ ಯಾರು ಹಾಕಿದ್ದು, ಮಿಸೆಸ್ ಸ್ಟಿಡಮ್?”

“ನನ್ನ ಮೈದುನ, ಮೇಡಂ.”

“ಬೀಗದಕೈ ಎಷ್ಟಿವೆ?”

“ಎರಡು. ಎರಡೂ ನನ್ನ ಹತ್ರಾನೇ ಇವೆ.”

ಅಧಿಕಾರಿಣಿ ಬೀಗದ ಮೇಲಿನ ಅಕ್ಷರ ಓದಿದಳು. “ಈ ಬೀಗಕ್ಕೆ ಮೂರು ಬರುತ್ತೆ.”

ಅರ್ಲೀನ್ ತನ್ನ ಬಳಿಯಿದ್ದ ಎರಡನ್ನೂ ತೆಗೆದು ನೋಡಿದಳು. ಒಂದು ಕಳೆದುಹೋಯಿತು ಎಂದು ಸುಳ್ಳು ಹೇಳಬಹುದಿತ್ತು. “ನನಗದು ಗೊತ್ತಿರಲಿಲ್ಲ. ವಿಚಾರಿಸಿ ಫೋನ್ ಮಾಡ್ತೀನಿ,” ಎಂದಳು.

ಅಧಿಕಾರಿಣಿಯ ಕಾರು ಮರೆಯಾಗುತ್ತಲೇ ಅರ್ಲೀನ್ ನೆಟ್ಟಗೆ ಡೆಲ್ಮರನ ಮನೆಗೆ ಹೋದಳು. ಅವನು ಟ್ರಕ್ಕಿನ ಅಡಿಯಿಂದ ಹೊರಬಂದ.

“ಮೂರನೇ ಬೀಗದಕೈ ಕೊಡು.”

ವಾದ ಮಾಡದೆ ಗೊಂಚಲಿನಿಂದ ಬಿಡಿಸಿ ಕೊಟ್ಟ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

“ಬೆರಳಚ್ಚು ಯಾಕೆ ಕೊಡ್ಲಿಲ್ಲ?”

“ಟೆನೆಸೀಲಿದ್ದಾಗ ಲೊರೆಟ್ಟಾಗೆ ಹೊಡ್ದಿದ್ದೆ. ಕೋರ್ಟಲ್ಲಿ ಒಪ್ಕೊಂಡೆ. ಕಾನೂನು ಪ್ರಕಾರ ಆವತ್ತಿಂದ ನಾನು ಬಂದೂಕು ಮುಟ್ಟೋ ಹಾಗಿಲ್ಲ.”

ಲೊರೆಟ್ಟಾ ಅವನನ್ನು ಬಿಟ್ಟುಹೋದ ಹೆಂಡತಿ.

“ಮೆಟ್ಟಿಲಿಂದ ಬಿದ್ದೆ ಅಂದಿದ್ಲು ಅವಳು.”

“ಹೌದು. ಹಾಗಂದಿದ್ಲು.”

“ಹೋಬರ್ಟ್‌ಗೆ ಗೊತ್ತಿತ್ತಾ?”

ಡೆಲ್ಮರ್ ಕೈಯ ಎಣ್ಣೆ ಒರೆಸಿಕೊಂಡ. “ಗೊತ್ತಿತ್ತು. ಅದಕ್ಕೇ ನನ್ನ ಆ ಕೋಣೆಗೆ ಸೇರಿಸ್ತಿರಲಿಲ್ಲ.”

ಅರ್ಲೀನ್ ಬೀಗ ಬದಲಿಸಿದಳು. ಅಧಿಕಾರಿಣಿಗೆ ಡೆಲ್ಮರನ ಹೆಸರು ಹಿಡಿದೇ ಎಲ್ಲ ಹೇಳಿದಳು. ಒಂದು ತಿಂಗಳಲ್ಲಿ ಲೈಸೆನ್ಸ್ ಬಂತು. ಮನೆಯವನನ್ನೇ ಸರ್ಕಾರಕ್ಕೆ ಹಿಡಿದುಕೊಟ್ಟಳು ಎಂದು ಚರ್ಚಿನಲ್ಲಿ ಕೆಲವರು ಮಾತು ಬಿಟ್ಟರು. ಅದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಹೋಬರ್ಟ್ ಬಾಯಿ ಬಿಡದೇ ಹೋದದ್ದು. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದವನು ಅಷ್ಟು ದೊಡ್ಡ ಮಾತನ್ನು ನುಂಗಿಕೊಂಡಿದ್ದ.

ಒಂದು ಭಾನುವಾರ ಅವಳು ಟೆನೆಸೀಯ ನಾಕ್ಸ್‌ವಿಲ್‌ಗೆ ಹೋಗಿ ಲೊರೆಟ್ಟಾಳ ಮನೆಯ ಬಾಗಿಲು ತಟ್ಟಿದಳು. ಲೊರೆಟ್ಟಾ ಸರಪಳಿ ತೆಗೆಯದೆ ಸಂದಿಯಿಂದ ನೋಡಿದಳು.

“ಡೆಲ್ಮರ್ ನಿನ್ನ ಕಳ್ಸಿದ್ನಾ?”

“ಇಲ್ಲ. ನಾನೇ ಬಂದೆ. ನೀನು ಮೆಟ್ಟಿಲಿಂದ ಬಿದ್ದಿದ್ದಲ್ಲ ಅಂತ ಈಗ ಗೊತ್ತಾಯ್ತು.”

ಲೊರೆಟ್ಟಾ ಅವಳ ಬೆನ್ನ ಹಿಂದಿನ ಬೀದಿಯನ್ನು, ನಿಂತ ಕಾರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸರಪಳಿ ತೆಗೆದಳು.