ಸಿಸ್ಟರ್ ಕಾರಿನ ಆಯಿಲ್

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಆಕೆಯದು. ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಪರೀಕ್ಷೆಗೆ ರಕ್ತ ತೆಗೆಯುವುದು, ಕೊನೆಗೆ ಅವರ ಸೊಸೆಯಂದಿರ ಕಥೆಯನ್ನೆಲ್ಲ ಕೇಳಿಸಿಕೊಂಡು ಎದ್ದು ಬರುವುದು. ಬೀದಿಗೆ ಬೀದಿಯೇ ಆಕೆಯನ್ನು ಸಿಸ್ಟರ್ ಎಂದು ಕರೆಯುತ್ತದೆ. ಒಮ್ಮೊಮ್ಮೆ ಗಂಡನ ಬಾಯಿಂದಲೂ ಅದೇ ಬಂದುಬಿಡುತ್ತದೆ. ಆಗ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ.

ಸಿಸ್ಟರ್ ಓಡಾಡುವುದು ಒಂದು ಹಳೇ ಕಾರಿನಲ್ಲಿ. ಅದರ ಆಯಿಲ್ ಬದಲಾಯಿಸುವ ಕೆಲಸವನ್ನು ಆಕೆ ಯಾವತ್ತೂ ಬೇರೆಯವರ ಕೈಗೆ ಬಿಟ್ಟವರಲ್ಲ. ಕಲಿಸಿದ್ದು ಲಾರಿ ಓಡಿಸುತ್ತಿದ್ದ ಸೋದರಮಾವ. ಇಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು, ಮುಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಹಳೇ ಪ್ಯಾಂಟು ತೊಟ್ಟು, ಕಾರಿನ ಕೆಳಗೆ ರಟ್ಟು ಹಾಸಿಕೊಂಡು ನುಸುಳುತ್ತಾರೆ. ತಳದ ಬೋಲ್ಟ್ ಬಿಚ್ಚಿ ಹಳೇ ಆಯಿಲ್ಲನ್ನು ಬೇಸಿನ್ನಿಗೆ ಇಳಿಸುತ್ತಾರೆ. ಕಪ್ಪಗಿನ ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, ಮೂಸಿ, ಇಂಜಿನ್ನಿನ ಆರೋಗ್ಯ ಹೇಗಿದೆಯೆಂದು ವರದಿ ಒಪ್ಪಿಸುತ್ತಾರೆ. ಗಂಡ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂರಬೇಕು. ಆಕೆ ಆಪರೇಷನ್ ಕೋಣೆಯಲ್ಲಿರುವ ಹಾಗೆ ಒಂದೊಂದು ಕೆಲಸವನ್ನೂ ಬಾಯಿಬಿಟ್ಟು ಹೇಳುತ್ತಾರೆ, ಈತ ಹ್ಞೂಂಗುಟ್ಟಬೇಕು. ಹ್ಞೂಂಗುಟ್ಟದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಟಾರ್ಚ್ ಹಿಡಿಯುವ ಈ ಯಜಮಾನರು ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ದಿನವಿಡೀ ತಿಳಿ ಬಣ್ಣದ ಬಟ್ಟೆ ಅಳೆದು ಕತ್ತರಿಸುವವರು. ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಕಂಡರೂ ಗಿರಾಕಿ ಮೂಗು ಮುರಿಯುತ್ತಾನೆ. ಹಾಗಾಗಿ ಆಯಿಲ್ ಎಂದರೆ ಮಾರು ದೂರ. ಬೀದಿಯ ಮೂಲೆಯಲ್ಲಿ ಗ್ಯಾರೇಜ್ ತೆರೆದ ಮೇಲಂತೂ ಅವರು ಹೆಂಡತಿಯ ತಲೆ ತಿನ್ನುವುದಕ್ಕೆ ಶುರುಮಾಡಿದ್ದರು. ಆಯಿಲ್ಲನ್ನೂ ಫಿಲ್ಟರನ್ನೂ ನಾವೇ ಕೊಂಡು ತಂದರೆ ಉಳಿಯುವುದು ಅಷ್ಟರಲ್ಲೇ ಇದೆ, ಆ ಉಳಿತಾಯವೆಲ್ಲ ಸೊಂಟದ ನೋವಿನ ಮುಲಾಮಿಗೇ ಹೋಗುತ್ತದೆ ಎನ್ನುವುದು ಅವರ ವಾದ. ಗ್ಯಾರೇಜಿನ ಬೆಂಚಿನ ಮೇಲೆ ಅರ್ಧ ದಿನ ಕೂತರೆ ನನ್ನ ರೋಗಿಗಳನ್ನು ಯಾರು ನೋಡುತ್ತಾರೆ ಎನ್ನುವುದು ಆಕೆಯದು. ನಿಜ ಹೇಳಬೇಕೆಂದರೆ ಬೆಂಚಿನ ಮಾತು ಒಂದು ನೆಪ. ತನ್ನ ಕೈ ಮುಟ್ಟಿ ನೋಡದ ಯಾವುದನ್ನೂ ಆ ಹೆಂಗಸು ನಂಬುವವರಲ್ಲ. ಜ್ವರ ಎಷ್ಟೆಂದು ಥರ್ಮಾಮೀಟರಿಗಿಂತ ಮೊದಲು ಅಂಗೈಯನ್ನು ಕೇಳುವ ಜಾತಿ. ಬೇರೆಯವರೆಲ್ಲ ಚುಚ್ಚಿ ಸೋತ ರೋಗಿಯ ಕೈಯಲ್ಲಿ ರಕ್ತನಾಳ ಹುಡುಕುವುದಕ್ಕೆ ಆಕೆಯನ್ನೇ ಕರೆಸುತ್ತಿದ್ದರು. ತೋರುಬೆರಳನ್ನು ಚರ್ಮದ ಮೇಲಿಟ್ಟು, ಕಣ್ಣು ಮುಚ್ಚಿ, ಒಂದು ಕ್ಷಣ ಕಾದು, ಒಂದೇ ಸಲಕ್ಕೆ ಸೂಜಿ ಇಳಿಸುತ್ತಿದ್ದರು.

ಆ ಭಾನುವಾರವೂ ಬೆಳಗಾಗುತ್ತಲೇ ವಾದ ಎದ್ದಿತು. ಯಜಮಾನರು ತಿಳಿಸದೆ ಕೇಳದೆ ಗ್ಯಾರೇಜಿನವನಿಗೆ ಸೋಮವಾರ ಕಾರು ತರುತ್ತೇವೆಂದು ಮಾತು ಕೊಟ್ಟುಬಿಟ್ಟಿದ್ದರು. ಸಿಸ್ಟರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಮಾತು ಕೊಟ್ಟವರು ನೀವು, ಹಾಗಾದರೆ ನೀವೇ ಹೋಗಿ ಆಯಿಲ್ ಹಾಕಿಸಿಕೊಂಡು ಬನ್ನಿ, ಕಾರು ಮಾತ್ರ ಇಲ್ಲೇ ಇರುತ್ತದೆ ಎಂದು ರಟ್ಟು ಹಾಸಿಕೊಂಡು ಕೆಳಗೆ ನುಸುಳಿದರು. ಯಜಮಾನರು ಗೊಣಗುತ್ತ ಟಾರ್ಚ್ ಹಿಡಿದರು.

ಆಯಿಲ್ ಇಳಿಯಿತು. ಬೋಲ್ಟ್ ಬಿಗಿಯಾಯಿತು. ಹಳೇ ಫಿಲ್ಟರನ್ನು ತಿರುಗಿಸಿ ತೆಗೆದು, ಸೋರಲೆಂದು ಬೇಸಿನ್ನಿನಲ್ಲಿ ಬೋರಲು ಹಾಕಿದರು. ಇನ್ನು ಒಂದು ಸೂಕ್ಷ್ಮವಿದೆ. ಫಿಲ್ಟರಿನ ಬಾಯಿಗೆ ರಬ್ಬರಿನ ರಿಂಗ್ ಇರುತ್ತದೆ. ಅಪರೂಪಕ್ಕೊಮ್ಮೆ ಹಳೇ ರಿಂಗ್ ಫಿಲ್ಟರಿನ ಜೊತೆ ಬರದೆ ಇಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ನೋಡದೆ ಹೊಸದನ್ನು ಕೂರಿಸಿದರೆ ರಿಂಗಿನ ಮೇಲೆ ರಿಂಗ್ ಕೂತು, ಇಂಜಿನ್ ಚಾಲೂ ಮಾಡಿದೊಡನೆ ಆಯಿಲ್ ಎಲ್ಲ ಹೊರಗೆ. ಈ ಕಾರಿನಲ್ಲಿ ಆ ಜಾಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಸಿಸ್ಟರ್ ಕೈಗವಸು ಹಾಕುವುದಿಲ್ಲ; ಬರಿಗೈ ಮೇಲಕ್ಕೆ ತೂರಿಸಿ, ತೋರುಬೆರಳಿನಿಂದ ಸುತ್ತ ಸವರಿ ನೋಡುತ್ತಾರೆ. ಅವತ್ತೂ ಸವರಿದರು. ರಿಂಗ್ ಇಲ್ಲ, ಜಾಗ ಸ್ವಚ್ಛವಾಗಿದೆ ಎಂದರು. ಯಜಮಾನರು ಹ್ಞೂಂ ಎಂದರು.

ಹೊಸ ಫಿಲ್ಟರ್ ಕೂರಿಸಿ, ಹೊಸ ಆಯಿಲ್ ತುಂಬಿಸಿ, ಆಕೆ ಕಾರಿನೊಳಗೆ ಕೂತು ಕೀಲಿ ತಿರುಗಿಸಿದ್ದೇ ತಡ, ಜೇನಿನ ಬಣ್ಣದ ಆಯಿಲ್ ಕೆಳಗೆ ಸುರಿದು ಯಜಮಾನರ ಚಪ್ಪಲಿಯವರೆಗೂ ಹರಿಯಿತು. ಅವರು ಕೈ ಬೀಸಿ ನಿಲ್ಲಿಸಿದರು. ಸಿಸ್ಟರ್ ಇಳಿದು ಬಂದು, ಮಾತಾಡದೆ ಮರದ ಪುಡಿ ಹರಡಿ, ಮತ್ತೆ ಕೆಳಗೆ ನುಸುಳಿ ಫಿಲ್ಟರ್ ಬಿಚ್ಚಿದರು. ಹೊರಗೆ ಬಂದಾಗ ಅವರ ಕೈಯಲ್ಲಿ ಎರಡು ರಿಂಗ್ ಇದ್ದವು. ಒಂದು ಹೊಸದು, ಒಂದು ಚಪ್ಪಟೆಯಾದ ಹಳೇದು.

ಯಜಮಾನರಿಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ಸೋತ ವಾದ ತಾನಾಗಿ ಕೈಗೆ ಬಂದಿತ್ತು. ವಯಸ್ಸಾಯಿತು, ಮರೆವು ಯಾರಿಗೂ ತಪ್ಪಿದ್ದಲ್ಲ, ಇನ್ನಾದರೂ ಗ್ಯಾರೇಜಿಗೆ ಕೊಡು ಎಂದು ದೊಡ್ಡ ಮನಸ್ಸು ಮಾಡಿ ಹೇಳಿದರು.

"ಮರೆತಿಲ್ಲ ರೀ," ಅಂದರು ಸಿಸ್ಟರ್. "ಬೆರಳಿಟ್ಟು ಸುತ್ತ ನೋಡಿದೀನಿ. ನೀವೇ ಹ್ಞೂಂ ಅಂದ್ರಿ."

ಹೌದು, ಅಂದಿದ್ದರು. ಆ ಕೈ ಸುತ್ತಾಡಿದ್ದನ್ನು ಕಣ್ಣಾರೆ ಕಂಡಿದ್ದರು. ಯಜಮಾನರ ಖುಷಿ ಅಲ್ಲಿಗೇ ಇಳಿಯಿತು.

ಸಿಸ್ಟರ್ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತರು. ಗಂಡನ ಅಂಗಿಯ ತೋಳಿಗೆ ಯಾವಾಗಲೂ ಅಂಟಿಕೊಂಡಿರುವ ಅಂಗಡಿಯ ದಾರದಲ್ಲಿ ಒಂದೆಳೆ ಕಿತ್ತು ಅವರ ಕೈಗೆ ಕೊಟ್ಟರು. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ಇದನ್ನು ನನ್ನ ತೋರುಬೆರಳ ತುದಿಯ ಮೇಲೆ ಎಳೆಯಿರಿ, ಎಳೆದಾಗ ಹೇಳುತ್ತೇನೆ ಎಂದರು. ಯಜಮಾನರು ಎಳೆದರು. ಆಕೆ ಕಣ್ಣು ಮುಚ್ಚಿ ಕಾಯುತ್ತ ಕೂತಿದ್ದರು. ಇನ್ನೊಮ್ಮೆ ಎಳೆದರು.

"ಹ್ಞೂಂ, ಶುರು ಮಾಡಿ," ಅಂದರು ಸಿಸ್ಟರ್.

ಆಗಲೇ ಎರಡು ಸಲ ಎಳೆದಾಗಿತ್ತು. ಯಜಮಾನರು ದಾರವನ್ನು ಆಕೆಯ ಬೆರಳಿಗೆ ಸುತ್ತಿ ಗಟ್ಟಿಯಾಗಿ ಒತ್ತಿದರು. ಸಿಸ್ಟರ್ ಕಣ್ಣು ತೆರೆದು, ದಾರವನ್ನೂ ಗಂಡನ ಮುಖವನ್ನೂ ನೋಡಿ, ಪರೀಕ್ಷೆಯಲ್ಲಿ ಕಾಪಿ ಹೊಡೆಸಬೇಡಿ ಎಂದು ಮೆತ್ತಗೆ ಹೇಳಿದರು. ಅವರು ನಗಿಸಲು ನೋಡಿದ್ದು ಯಜಮಾನರಿಗೆ ತಿಳಿಯಿತು, ಆದರೆ ನಗು ಬರಲಿಲ್ಲ. ಇತ್ತೀಚೆಗೆ ಹೆಂಡತಿ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದದ್ದು, ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದದ್ದು ಈಗ ಒಂದೊಂದಾಗಿ ನೆನಪಾದವು. ಗಟ್ಟಿ ಹೆಂಗಸು ಎಂದುಕೊಂಡು ಸುಮ್ಮನಿದ್ದುಬಿಟ್ಟಿದ್ದರು.

ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿರಬೇಕು, ಈ ವಯಸ್ಸಿನಲ್ಲಿ ಎಷ್ಟೋ ಜನರಿಗೆ ಆಗುತ್ತದೆ, ಡಾಕ್ಟರಿಗೆ ತೋರಿಸಿದರೆ ಸರಿಹೋದರೂ ಹೋಗಬಹುದು ಎಂದು ಸಿಸ್ಟರ್ ಬೇರೆ ಯಾರದೋ ವಿಷಯ ಹೇಳುವಂತೆ ವಿವರಿಸಿದರು. ಆಮೇಲೆ ತಮ್ಮ ಬೆರಳನ್ನೇ ನೋಡುತ್ತ ಹೇಳಿದರು: "ಹೋದ ವಾರ ಒಬ್ಬ ನಿವೃತ್ತ ಮೇಷ್ಟ್ರಿಗೆ ರಕ್ತ ತೆಗೆಯೋಕೆ ಹೋಗಿ ಮತ್ತೆ ಮತ್ತೆ ಚುಚ್ಚಿದೆ. ನೀವು ನೀರು ಸರಿಯಾಗಿ ಕುಡಿಯಲ್ಲ, ಅದಕ್ಕೇ ರಕ್ತನಾಳ ಸಿಕ್ತಿಲ್ಲ ಅಂತ ಅವರನ್ನೇ ಬೈದೆ. ಪಾಪ, ಆಯ್ತಮ್ಮ, ಇನ್ಮೇಲೆ ಕುಡೀತೀನಿ ಅಂದ್ರು."

ಕಾರಿನ ಮಾತು ಯಜಮಾನರ ತಲೆಯಿಂದಲೇ ಹಾರಿಹೋಗಿತ್ತು. ಈ ಬೆರಳಿನ ಸುದ್ದಿ ಹೊರಗೆ ಬಿದ್ದರೆ ಹೆಂಡತಿಯನ್ನು ಯಾವುದೋ ಮೇಜಿನ ಹಿಂದೆ ಕೂರಿಸುತ್ತಾರೆ, ಮನೆಮನೆಗೆ ಹೋಗುವುದೆಂದರೆ ಜೀವ ಬಿಡುವವಳು ಅಲ್ಲಿ ಬಾಡಿಹೋಗುತ್ತಾಳೆ ಎಂದು ಅವರಿಗೆ ದಿಗಿಲಾಯಿತು. ಮೊದಲು ಡಾಕ್ಟರಿಗೆ ತೋರಿಸೋಣ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ, ಎಡಗೈಯಲ್ಲಿ ನಿಭಾಯಿಸು ಎಂದು ಅಂಗಲಾಚಿದರು. ಸಿಸ್ಟರ್ ಅದನ್ನೆಲ್ಲ ಕೇಳಿಸಿಕೊಂಡರು. ಗ್ಯಾರೇಜಿನವನಿಗೆ ನಾಳೆ ಬಂದು ಕಾರು ತೆಗೆದುಕೊಂಡು ಹೋಗಲು ಹೇಳಿ, ಒಳಗೆ ಬೆರಳಿಟ್ಟು ಎರಡೆರಡು ಸಲ ನೋಡಬೇಕೆಂದು ಹೇಳುವುದನ್ನು ಮರೆಯಬೇಡಿ ಎಂದರು. ಆಮೇಲೆ ಫೋನ್ ತೆಗೆದುಕೊಂಡು ತಮ್ಮ ಮೇಲ್ವಿಚಾರಕಿಗೆ ಕರೆ ಮಾಡಿದರು. ನಾಳೆಯಿಂದ ರಕ್ತ ತೆಗೆಯುವುದಕ್ಕೆ, ರಕ್ತನಾಳಕ್ಕೆ ಇಂಜೆಕ್ಷನ್ ಕೊಡುವುದಕ್ಕೆ ನನ್ನನ್ನು ಕಳಿಸಬೇಡಿ ಎಂದು ನೇರವಾಗಿ ಹೇಳಿ, ಕಾರಣವನ್ನೂ ಹೇಳಿದರು.

ಯಜಮಾನರು ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಭಯದ ಜೊತೆಗೇ, ಇಂಥವಳ ಜೊತೆ ಬಾಳಿದೆನಲ್ಲ ಎನ್ನುವ ಹೆಮ್ಮೆ ಉಕ್ಕಿ ಬಂದು ಏನು ಮಾಡಲೂ ತೋಚದೆ ಆಕೆಯ ಬೆನ್ನ ಮೇಲೆ ಕೈಯಿಟ್ಟರು. ಆ ಕಡೆಯವರು ಏನೋ ಕೇಳಿದರು. ಯಾರಾದರೂ ದೂರು ಕೊಟ್ಟರಾ ಎಂದಿರಬೇಕು.

"ಇಲ್ಲ ಮೇಡಂ," ಅಂದರು ಸಿಸ್ಟರ್. "ನಮ್ಮ ರೋಗಿಗಳು ಯಾರೂ ದೂರು ಕೊಡಲ್ಲ. ಎಷ್ಟು ನೋವಾದ್ರೂ ಹಲ್ಲು ಕಚ್ಚಿಕೊಂಡು, ನಿಮ್ಮ ಕೈಗುಣ ಒಳ್ಳೇದು ಸಿಸ್ಟರ್ ಅಂತಾರೆ. ಅದಕ್ಕೇ ನಾನೇ ಹೇಳ್ತಿದೀನಿ."